ರಾಣಿಯ ಹೆಸರು, ಗಾಜಿನ ಸುಂಕ

"ಅರವತ್ತಮೂರು ವರ್ಷ ಆಳಿದಳು, ಒಪ್ಪಿದೆ. ಆದರೆ ಕುರ್ಚಿಯ ಕಾಲು ಹೀಗಿರಬೇಕು ಅಂತಲಾದರೂ ಈಕೆ ಯಾವತ್ತಾದರೂ ಅಪ್ಪಣೆ ಕೊಡಿಸಿದ್ದುಂಟೇ? ಮತ್ತೆ ಯಾಕೆ ಕುರ್ಚಿ, ಮೇಜು, ಚರ್ಚು, ರೈಲ್ವೆ ಸ್ಟೇಷನ್ನು, ಕೊನೆಗೆ ಬಚ್ಚಲುಮನೆ ನಲ್ಲಿಗೂ ವಿಕ್ಟೋರಿಯನ್ ಅಂತ ಹೆಸರು?"

ಕೇಳಿದವರು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯಿಂದ ನಿವೃತ್ತರಾದ ಅಪ್ಪ. ಉತ್ತರ ಕೊಡಬೇಕಾದವಳು ಲಂಡನ್ನಿನಲ್ಲಿ ಹಳೇ ಮನೆಗಳ ದುರಸ್ತಿ ನೋಡಿಕೊಳ್ಳುವ ಆರ್ಕಿಟೆಕ್ಟ್ ಮಗಳು. ಇಬ್ಬರೂ ಕೂತಿದ್ದದ್ದು ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಮೂರು ಹಳೇ ಊಟದ ಕೋಣೆಗಳ ಪೈಕಿ ನಡುವಿನದರಲ್ಲಿ. ಮ್ಯೂಸಿಯಮ್ ನೋಡಲು ಬಂದವರಿಗೆ ಒಳಗೇ ಊಟ ತಿಂಡಿಯ ಏರ್ಪಾಟು ಮಾಡಿದ್ದು ಜಗತ್ತಿನಲ್ಲೇ ಇಲ್ಲಿ ಮೊದಲು, 1860ರ ದಶಕದಲ್ಲಿ. ಕಂಬಗಳ ಮೈತುಂಬ ಹೊಳೆಯುವ ಪಿಂಗಾಣಿ, ಮೇಲೆ ಎನಾಮಲ್ ಹೊಯ್ದ ಕಬ್ಬಿಣದ ಚಾವಣಿ. ಅಪ್ಪ ಚಾವಣಿ ನೋಡಿ ಕತ್ತು ನೋಯಿಸಿಕೊಂಡು, ಟೀ ಬಿಲ್ಲು ನೋಡಿ ಮನಸ್ಸು ನೋಯಿಸಿಕೊಂಡು ಕೂತಿದ್ದರು.

"ನಮ್ಮ ಮೈಸೂರಲ್ಲಿ ‘ನಾಲ್ವಡಿಯವರ ಕಾಲದ್ದು’ ಅಂತೀವಲ್ಲ, ಹಾಗೇ ಇದೂ," ಎಂದಳು ಮಗಳು.

"ಅದು ಬೇರೆ ಕಣೇ. ನಾಲ್ವಡಿಯವರು ಮುಂದೆ ನಿಂತು ಮಾಡಿಸಿದ ಕೆಲಸ ಎಷ್ಟಿದೆ! ಈಕೆ ಏನು ಮಾಡಿಸಿದಳು?"

ಮಗಳು ರಾಣಿಯ ಪರ ವಕಾಲತ್ತು ವಹಿಸಿದಳು. 1837ರ ಜೂನ್ 20ರ ಬೆಳಿಗ್ಗೆ ಸಿಂಹಾಸನ ಸಿಕ್ಕಾಗ ವಿಕ್ಟೋರಿಯಾಗೆ 18 ವರ್ಷ. 1840ರಲ್ಲಿ ಮದುವೆಗೆ ಬಿಳಿ ರೇಷ್ಮೆ ಗೌನು ಉಟ್ಟಳು. ಯುರೋಪಿನ ಮದುಮಗಳು ಬಿಳಿ ಉಡುವ ರೂಢಿ ಗಟ್ಟಿಯಾದದ್ದೇ ಅಲ್ಲಿಂದೀಚೆಗೆ. 1858ರಲ್ಲಿ ಹಿರಿಮಗಳ ಮದುವೆಗೆ ತಿಳಿನೇರಳೆ ಉಟ್ಟು ಬಂದಳು. ಅದಕ್ಕೆ ಎರಡು ವರ್ಷ ಹಿಂದೆ ವಿಲಿಯಂ ಪರ್ಕಿನ್ ಎಂಬ 18ರ ಹುಡುಗ ಮಲೇರಿಯಾದ ಔಷಧ ಕ್ವಿನೈನನ್ನು ಕೃತಕವಾಗಿ ಮಾಡಹೋಗಿ, ಡಾಂಬರಿನಿಂದ ತೆಗೆದ ರಾಸಾಯನಿಕದಲ್ಲಿ ಅದೇ ಬಣ್ಣ ಕಂಡುಕೊಂಡಿದ್ದ. ರಾಣಿ ಉಟ್ಟಮೇಲೆ ಕೇಳಬೇಕೆ, ಲಂಡನ್ನಿನ ಬೀದಿ ತುಂಬ ನೇರಳೆ.

"ಅಂದರೆ ಬಟ್ಟೆ ಎರಡು ಜೊತೆ. ಆಮೇಲೆ?"

"ಆಮೇಲೆ ಗಂಡ ಆಲ್ಬರ್ಟ್. ಆತ ನಿಜವಾಗಿ ಕಲೆ, ಕೈಗಾರಿಕೆ ಅಂತ ಓಡಾಡಿದವನು. 1861ರಲ್ಲಿ, 42ನೇ ವಯಸ್ಸಿಗೇ ಹೋಗಿಬಿಟ್ಟ. ಅಲ್ಲಿಂದ 1901ರ ಜನವರಿ 22ರಂದು ಕಣ್ಣು ಮುಚ್ಚುವ ತನಕ ಈಕೆ ಕಪ್ಪು ಬಿಟ್ಟು ಬೇರೆ ಉಡಲಿಲ್ಲ. ಅದೇ 40 ವರ್ಷದಲ್ಲಿ ಈ ದೇಶ ಹಿಂದೆಂದೂ ಕಾಣದಷ್ಟು ಬಣ್ಣ ಬಳಿದುಕೊಂಡಿತು. ಹೆಸರು ಕ್ಯಾಲೆಂಡರಿಗಾಯಿತು ಅಪ್ಪ, ಕೆಲಸ ಬೇರೆಯವರು ಮಾಡಿದರು."

"ಆ ಬೇರೆಯವರು ಯಾರು ಅಂತಲೇ ನಾನು ಕೇಳಿದ್ದು."

ಇಲ್ಲಿಂದ ಮಾತು ಹೋದ ದಿಕ್ಕನ್ನು ಕಲೆಯ ಇತಿಹಾಸದ ಪುಸ್ತಕಗಳು ಹಿಡಿಯುವುದು ಅಪರೂಪ. ತೆರಿಗೆ ಇಲಾಖೆಯವರೊಬ್ಬರು ಎದುರು ಕೂತಿದ್ದರಿಂದ ಹಾಗಾಯಿತು.

ಮಗಳು ಶುರುಮಾಡಿದ್ದು ಒಂದು ಬೆಂಕಿಯಿಂದ. ಇಂಗ್ಲೆಂಡಿನ ಖಜಾನೆಯಲ್ಲಿ ನೂರಾರು ವರ್ಷ ಲೆಕ್ಕವನ್ನು ಮರದ ಕಡ್ಡಿಗಳ ಮೇಲೆ ಕಚ್ಚು ಕೊರೆದು ಇಡುತ್ತಿದ್ದರು. ಕಟ್ಟಿದ ಹಣಕ್ಕೆ ತಕ್ಕಂತೆ ಸಣ್ಣ ಕಚ್ಚು, ದೊಡ್ಡ ಕಚ್ಚು. ಕಡ್ಡಿಯನ್ನು ಉದ್ದಕ್ಕೆ ಸೀಳಿ ಅರ್ಧ ಹಣ ಕೊಟ್ಟವನಿಗೆ, ಅರ್ಧ ಇಟ್ಟುಕೊಂಡವನಿಗೆ. ಎರಡನ್ನೂ ಕೂಡಿಸಿದಾಗ ಕಚ್ಚು ಹೊಂದಬೇಕು. 1826ರಲ್ಲಿ ಆ ಪದ್ಧತಿ ನಿಂತಿತು, ಕಡ್ಡಿಗಳ ರಾಶಿ ಉಳಿಯಿತು. 1834ರ ಅಕ್ಟೋಬರ್ 16ರಂದು ಅವನ್ನು ಹೌಸ್ ಆಫ್ ಲಾರ್ಡ್ಸ್‌ನ ಕೆಳಗಿನ ಒಲೆಗಳಿಗೆ ತುಂಬಿ ಉರಿ ಹಾಕಿದರು. ರಾತ್ರಿಯೊಳಗೆ ಪಾರ್ಲಿಮೆಂಟೇ ಉರಿದುಹೋಯಿತು.

ಅಪ್ಪ ಲೋಟ ಕೆಳಗಿಟ್ಟರು. "ಹಳೇ ರೆಕಾರ್ಡು ವಿಲೇವಾರಿ ಮಾಡುವಾಗ ಎಷ್ಟು ಹುಷಾರಾಗಿರಬೇಕು ಅಂತ ನಾನು ಆಫೀಸಿನಲ್ಲಿ ಬಾಯಿ ಬಡಕೊಂಡದ್ದು ಇದಕ್ಕೇ."

"ಆ ಬೆಂಕಿ ಆರಿದ ಜಾಗದಲ್ಲೇ ವಿಕ್ಟೋರಿಯನ್ ಗಾಥಿಕ್ ಎದ್ದದ್ದು. ಹೊಸ ಕಟ್ಟಡಕ್ಕೆ ಸ್ಪರ್ಧೆ ಇಟ್ಟಾಗ, ಶೈಲಿ ಗಾಥಿಕ್ ಆಗಿರಬೇಕು, ಇಲ್ಲವೇ ಎಲಿಜಬೆತ್ ರಾಣಿಯ ಕಾಲದ್ದಾಗಿರಬೇಕು ಅಂತ ಷರತ್ತಿತ್ತು. 97 ನಕಾಶೆ ಬಂದವು. ಗೆದ್ದವನು ಚಾರ್ಲ್ಸ್ ಬ್ಯಾರಿ. ಅವನ ಒಲವೆಲ್ಲ ಇಟಲಿಯ ಕಡೆಗೆ. ಹಾಗಾಗಿ ಗಾಥಿಕ್ ಅರೆದು ಕುಡಿದಿದ್ದ ಪ್ಯೂಜಿನ್ ಎಂಬ ಯುವಕನನ್ನು ಜೊತೆಗೆ ಹಾಕಿಕೊಂಡ. ಇವತ್ತು ನಾವು ನೋಡುವ ಒಳಗಿನ ನೆಲದ ಬಿಲ್ಲೆ, ವಾಲ್‌ಪೇಪರ್, ಬಾಗಿಲ ಹಿಡಿ, ಮಸಿಕುಡಿಕೆ, ಲಾರ್ಡ್ಸ್ ಸಭೆಯ ಸಿಂಹಾಸನ, ಎಲ್ಲ ಪ್ಯೂಜಿನ್ ಕೈದು. ಹೊರಗಿನ ಗಡಿಯಾರದ ಗೋಪುರದ ಚಿತ್ರವೂ ಅವನದೇ. 1852ರಲ್ಲಿ ಬುದ್ಧಿ ಕೆಟ್ಟು, ಬರೀ 40 ವರ್ಷಕ್ಕೆ ಸತ್ತ."

"ಬೆಂಕಿ ಬಿದ್ದದ್ದು ಈಕೆ ಪಟ್ಟಕ್ಕೆ ಬರೋದಕ್ಕೆ ಮುಂಚೆ. ಸ್ಪರ್ಧೆಯೂ ಮುಂಚೆ. ಅಂದರೆ ವಿಕ್ಟೋರಿಯನ್ ಶೈಲಿಯ ದೊಡ್ಡ ಕಟ್ಟಡವೇ ವಿಕ್ಟೋರಿಯಾಗಿಂತ ಹಳೇದು," ಎಂದು ಅಪ್ಪ ಟಿಪ್ಪಣಿ ಹಾಕಿದರು. ಮಗಳು ಒಪ್ಪಿದಳು. ಸ್ಪರ್ಧೆಯ ಫಲಿತಾಂಶ ಬಂದದ್ದು 1836ರಲ್ಲಿ, ಆಕೆಯ ದೊಡ್ಡಪ್ಪ ನಾಲ್ಕನೇ ವಿಲಿಯಂ ಆಳುತ್ತಿದ್ದಾಗ.

ಪ್ಯೂಜಿನ್ನನ ವಾದ ಸರಳ. ಕಟ್ಟಡ ಸುಳ್ಳು ಹೇಳಬಾರದು. ಇಟ್ಟಿಗೆ ಇಟ್ಟಿಗೆಯಂತೆ, ಮರ ಮರದಂತೆ ಕಾಣಬೇಕು. ಮಧ್ಯಯುಗದ ಕೆಲಸಗಾರರು ಹಾಗೆ ಮಾಡುತ್ತಿದ್ದರು. ಗ್ರೀಕ್ ಕಂಬದ ಮುಖವಾಡ ಹಾಕಿದ ಬ್ಯಾಂಕುಗಳೆಲ್ಲ ವಂಚನೆ. ಈ ಮಾತನ್ನೇ ಜಾನ್ ರಸ್ಕಿನ್ ವೆನಿಸ್ಸಿನ ಕಲ್ಲುಗಳ ಬಗ್ಗೆ 1851ರಿಂದ 53ರ ತನಕ ಮೂರು ಸಂಪುಟ ಬರೆದು ಇನ್ನೂ ಮುಂದಕ್ಕೆ ಒಯ್ದ: ಕೆತ್ತುವವನಿಗೆ ತನ್ನ ಕೆಲಸದಲ್ಲಿ ಖುಷಿಯಿತ್ತೇ ಎಂದು ಕೇಳಿದ. ಆದರೆ ಪ್ಯೂಜಿನ್ ಬರೆದುಕೊಟ್ಟ ನೆಲದ ಬಿಲ್ಲೆಗಳು ಬೆಂದದ್ದು ಸ್ಟೋಕ್ ಊರಿನ ಮಿಂಟನ್ ಕಾರ್ಖಾನೆಯಲ್ಲಿ. ಮಧ್ಯಯುಗದ ಸತ್ಯವನ್ನು ಕಾರ್ಖಾನೆ ಸಾವಿರಗಟ್ಟಲೆ ಹೊರಹಾಕುತ್ತಿತ್ತು. ಈ ಇಕ್ಕಟ್ಟಿನಿಂದ ಆ ಕಾಲದ ಕಲೆ ಕೊನೆಯ ತನಕ ಹೊರಬರಲಿಲ್ಲ.

"ಸರಿ. ಈಗ ನನ್ನ ಪಾಲಿನದು ಹೇಳು. ತೆರಿಗೆ," ಎಂದರು ಅಪ್ಪ.

"ನಿಮಗೆ ಇಷ್ಟವಾಗುವ ತೆರಿಗೆ ನಾಲ್ಕಿವೆ. ಗಾಜು, ಇಟ್ಟಿಗೆ, ಕಿಟಕಿ, ವಾಲ್‌ಪೇಪರ್."

ಅಪ್ಪನ ಮುಖ ಅರಳಿತು.

ಗಾಜಿನ ಸುಂಕ ಬಿದ್ದದ್ದು 1740ರ ದಶಕದಲ್ಲಿ, ತೂಕದ ಲೆಕ್ಕಕ್ಕೆ. ಸುಂಕದ ಅಧಿಕಾರಿಗಳು ಗಾಜಿನ ಕಾರ್ಖಾನೆಯಲ್ಲೇ ಠಿಕಾಣಿ ಹೂಡಿ ಕುಲುಮೆ ಹಚ್ಚುವುದರಿಂದ ಹಿಡಿದು ತೂಗುವವರೆಗೆ ಕಣ್ಣಿಡುತ್ತಿದ್ದರು. ಗಾಜಿನವರು ಸುಮ್ಮನಿರಲಿಲ್ಲ. ಕುಡಿಯುವ ಲೋಟದ ಕಾಂಡವನ್ನು ಟೊಳ್ಳು ಮಾಡಿ ತೂಕ ಇಳಿಸಿದರು. ಇಟ್ಟಿಗೆಗೆ ತೆರಿಗೆ ಬಂದದ್ದು 1784ರಲ್ಲಿ, ಸಾವಿರ ಇಟ್ಟಿಗೆಗೆ ಇಷ್ಟು ಅಂತ. ಗೂಡಿನವರು ಇಟ್ಟಿಗೆಯನ್ನೇ ದಪ್ಪ ಮಾಡಿದರು. ಸರಕಾರ ಗಾತ್ರ ಮೀರಿದ ಇಟ್ಟಿಗೆಗೆ ದುಪ್ಪಟ್ಟು ಹಾಕಿತು. ಕಿಟಕಿಗೆ 1696ರಿಂದ ತೆರಿಗೆ. ಜನ ಕಿಟಕಿಗೇ ಇಟ್ಟಿಗೆ ಕಟ್ಟಿ ಮುಚ್ಚಿಸಿದರು. ಲಂಡನ್ನಿನ ಹಳೇ ಬೀದಿಗಳಲ್ಲಿ ಈಗಲೂ ಗೋಡೆಯಲ್ಲಿ ಅಂಥ ಕುರುಡು ಕಿಟಕಿಗಳು ಕಾಣುತ್ತವೆ. ವಾಲ್‌ಪೇಪರಿನದು ಇವೆಲ್ಲಕ್ಕಿಂತ ಕ್ರೂರ: ಸುಂಕದ ಮೊಹರನ್ನು ಖೋಟಾ ಮಾಡಿದವನಿಗೆ 1806ರ ಕಾನೂನಿನಲ್ಲಿ ಮರಣದಂಡನೆ.

"ಗಲ್ಲು! ನಾವು ಖೋಟಾ ಬಿಲ್ಲು ಸಿಕ್ಕರೆ ದಂಡ ಹಾಕಿ ಗಾಡಿ ಬಿಡುತ್ತಿದ್ದೆವು."

"1836ರಲ್ಲಿ ವಾಲ್‌ಪೇಪರ್ ಸುಂಕ ಹೋಯಿತು. 1845ರಲ್ಲಿ ಗಾಜಿನದು, 1850ರಲ್ಲಿ ಇಟ್ಟಿಗೆಯದು, 1851ರ ಜುಲೈನಲ್ಲಿ ಕಿಟಕಿಯದು."

"ಖಜಾನೆ ಹೇಗೆ ತಾಳಿಕೊಂಡಿತು?" ಈ ಪ್ರಶ್ನೆಯನ್ನು ಅಪ್ಪನಲ್ಲದೆ ಇನ್ನಾರೂ ಕೇಳುತ್ತಿರಲಿಲ್ಲ.

ಮಗಳಿಗೆ ಉತ್ತರ ಗೊತ್ತಿತ್ತು. ಪ್ರಧಾನಿ ರಾಬರ್ಟ್ ಪೀಲ್ 1842ರಲ್ಲಿ ಆದಾಯ ತೆರಿಗೆಯನ್ನು ಮತ್ತೆ ತಂದ: ವರ್ಷಕ್ಕೆ 150 ಪೌಂಡಿಗಿಂತ ಹೆಚ್ಚು ವರಮಾನದವರಿಗೆ ಪೌಂಡಿಗೆ 7 ಪೆನ್ಸ್. ಆ ಹಣದ ಧೈರ್ಯದ ಮೇಲೆ ನೂರಾರು ಚಿಲ್ಲರೆ ಸುಂಕಗಳನ್ನು ಕೈಬಿಟ್ಟ. ಆ ಪಟ್ಟಿಯಲ್ಲಿ ಗಾಜೂ ಇತ್ತು. "ಅಂದರೆ ಕ್ರಿಸ್ಟಲ್ ಪ್ಯಾಲೇಸಿನ ಅಡಿಗಲ್ಲು ಇನ್‌ಕಮ್ ಟ್ಯಾಕ್ಸು!" ಎಂದು ಅಪ್ಪ ಮೇಜು ಕುಟ್ಟಿದರು. ಪಕ್ಕದ ಮೇಜಿನ ಮುದುಕಿ ತಿರುಗಿ ನೋಡಿದಳು. ಮಾತು ಸ್ವಲ್ಪ ಅತಿಯಾಯಿತು, ಆದರೆ ಪೂರಾ ತಪ್ಪಲ್ಲ.

ಕ್ರಿಸ್ಟಲ್ ಪ್ಯಾಲೇಸ್ ಎಂಬ ಆ ಗಾಜಿನ ಕಟ್ಟಡ ಕಟ್ಟಿದವನು ಆರ್ಕಿಟೆಕ್ಟ್ ಅಲ್ಲ, ತೋಟಗಾರ. ಚಾಟ್ಸ್‌ವರ್ತ್ ಎಸ್ಟೇಟಿನಲ್ಲಿ ಡ್ಯೂಕನೊಬ್ಬನ ತೋಟ ನೋಡಿಕೊಳ್ಳುತ್ತಿದ್ದ ಜೋಸೆಫ್ ಪ್ಯಾಕ್ಸ್‌ಟನ್. ದಕ್ಷಿಣ ಅಮೆರಿಕದಿಂದ ಬಂದ ದೈತ್ಯ ನೀರ್ದಾವರೆಯನ್ನು 1849ರಲ್ಲಿ ಅವನು ಗಾಜಿನ ಮನೆಯಲ್ಲಿ ಹೂ ಬಿಡಿಸಿದ. ಎಲೆ ಎಷ್ಟು ಗಟ್ಟಿಯೆಂದರೆ ತನ್ನ ಪುಟ್ಟ ಮಗಳನ್ನೇ ಅದರ ಮೇಲೆ ನಿಲ್ಲಿಸಿ ತೋರಿಸಿದ. ಎಲೆಯ ಅಡಿಯಲ್ಲಿ ನಡುವಿನಿಂದ ಹರಡಿಕೊಂಡ ನರಗಳು, ಅವನ್ನು ಅಡ್ಡಡ್ಡ ಹಿಡಿದಿಟ್ಟ ತೆಳು ಪಟ್ಟಿಗಳು: ಭಾರ ಹೊರುವ ಈ ಲೆಕ್ಕಾಚಾರವನ್ನು ಅವನು ಕಬ್ಬಿಣ, ಮರ, ಗಾಜಿಗೆ ಇಳಿಸಿದ. 1851ರ ಮಹಾ ವಸ್ತುಪ್ರದರ್ಶನಕ್ಕೆ ಕಟ್ಟಡ ಬೇಕಾಗಿ ಸಮಿತಿ ತಲೆ ಕೆಡಿಸಿಕೊಂಡಿದ್ದಾಗ, ಬ್ಲಾಟಿಂಗ್ ಪೇಪರಿನ ಮೇಲೆ ಗೀಚಿ ಕೊಟ್ಟ. ಆ ಗೀಚು ಈಗಲೂ ಇದೇ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.

"ಆ ತಾವರೆಗೆ ಹೆಸರೇನು ಗೊತ್ತೇ? ವಿಕ್ಟೋರಿಯಾ ರೀಜಿಯಾ."

"ಅಂತೂ ಒಂದು ಕಡೆ ರಾಣಿಯ ಹೆಸರು ಸರಿಯಾದ ಜಾಗಕ್ಕೆ ಬಿತ್ತು."

ಪ್ರತಿ ಗಾಜಿನ ಹಲಗೆ 49 ಇಂಚು ಉದ್ದ, 10 ಇಂಚು ಅಗಲ. ಅಂಥವು ಸುಮಾರು ಮೂರು ಲಕ್ಷ. ಎಲ್ಲ ಒಂದೇ ಅಳತೆ, ಎಲ್ಲ ಒಂದೇ ಕಾರ್ಖಾನೆಯದು. ಹೈಡ್ ಪಾರ್ಕಿನ ದೊಡ್ಡ ಎಲ್ಮ್ ಮರಗಳನ್ನು ಕಡಿಯದೆ ಒಳಗೇ ಬಿಟ್ಟುಕೊಂಡು ಮೇಲೆ ಕಮಾನು ಎತ್ತಿದರು. ಮೇ 1ರಂದು ರಾಣಿ ಬಂದು ಪ್ರಾರಂಭ ಮಾಡಿದಳು. ಅಕ್ಟೋಬರಿನೊಳಗೆ 60 ಲಕ್ಷ ಭೇಟಿ. ಶಿಲ್ಲಿಂಗ್ ಟಿಕೀಟಿನ ದಿನಗಳಲ್ಲಿ ಹಳ್ಳಿಯವರು ಅಗ್ಗದ ರೈಲಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದರು. ಕಿಟಕಿ ತೆರಿಗೆ ರದ್ದಾದದ್ದೂ ಅದೇ ಜುಲೈನಲ್ಲಿ: ಬರೀ ಕಿಟಕಿಯಿಂದಲೇ ಮಾಡಿದ ಕಟ್ಟಡವೊಂದು ಪಾರ್ಕಿನಲ್ಲಿ ತೆರೆದು ನಿಂತಿದ್ದಾಗ.

"ಇದು ವಿಕ್ಟೋರಿಯನ್ ಶೈಲಿ ಅಲ್ಲವೇ ಹಾಗಾದರೆ? ಗಾಥಿಕ್ ಯಾಕೆ ಬೇಕು?"

"ಅಲ್ಲೇ ನಿಮ್ಮ ತೆರಿಗೆ ವಾದ ಕುಂಟೋದು," ಎಂದಳು ಮಗಳು. "ತೆರಿಗೆ ಹೋಗಿದ್ದರಿಂದ ಗಾಜು ಅಗ್ಗವಾಯಿತು, ಇಟ್ಟಿಗೆ ಅಗ್ಗವಾಯಿತು. ನಾನು ದುರಸ್ತಿ ಮಾಡಿಸೋ ಮನೆಗಳಲ್ಲಿ ಬೀದಿಗೆ ಹೊಟ್ಟೆ ಚಾಚಿದ ದೊಡ್ಡ ಕಿಟಕಿ, ಕೆಂಪು ಇಟ್ಟಿಗೆ ನಡುವೆ ಹಳದಿ ಇಟ್ಟಿಗೆಯ ಪಟ್ಟಿ, ಇವೆಲ್ಲ ಅದರ ಫಲವೇ. ಆದರೆ ಅಗ್ಗವಾದ ವಸ್ತು ಯಾವ ವೇಷ ಹಾಕಬೇಕು ಅನ್ನೋದನ್ನು ತೆರಿಗೆ ಹೇಳೋದಿಲ್ಲ. ಆ ಗಾಜಿನ ಮನೆಯೊಳಗೆ ಏನಿಟ್ಟಿದ್ದರು ಗೊತ್ತೇ?"

ಒಳಗಿನ ಬ್ರಿಟಿಷ್ ಮಾಲು ನೋಡಿ ತಿಳಿದವರಿಗೆ ನಾಚಿಕೆಯಾಯಿತು. ಯಂತ್ರದಿಂದ ಎಷ್ಟು ಬೇಕಾದರೂ ಅಲಂಕಾರ ಒತ್ತಬಹುದೆಂದು ಗೊತ್ತಾದ ಮೇಲೆ ಬರಿದಾದ ಜಾಗವೇ ಉಳಿದಿರಲಿಲ್ಲ. ಹೆನ್ರಿ ಕೋಲ್ ಎಂಬ ಸರಕಾರಿ ಅಧಿಕಾರಿ ಇದನ್ನು ತಿದ್ದಲು ಹೊರಟ. ಜಗತ್ತಿನ ಮೊದಲ ಮಾರಾಟದ ಕ್ರಿಸ್‌ಮಸ್ ಕಾರ್ಡು 1843ರಲ್ಲಿ ಮಾಡಿಸಿದವನೂ ಅವನೇ. 1852ರಲ್ಲಿ ಮಾರ್ಲ್‌ಬರೊ ಹೌಸಿನಲ್ಲಿ ಮ್ಯೂಸಿಯಮ್ ತೆರೆದು, ಅದರಲ್ಲಿ ಒಂದು ಕೋಣೆಯನ್ನು ಕೆಟ್ಟ ಅಭಿರುಚಿಗೇ ಮೀಸಲಿಟ್ಟ. ಹೂಬಳ್ಳಿಯ ಆಕಾರದ ಗ್ಯಾಸ್ ದೀಪ, ಕೊಕ್ಕರೆ ಆಕಾರದ ಕತ್ತರಿ, ಕ್ರಿಸ್ಟಲ್ ಪ್ಯಾಲೇಸಿನ ಚಿತ್ರವನ್ನೇ ಮೇಲಿಂದ ಮೇಲೆ ಅಚ್ಚು ಹಾಕಿದ ವಾಲ್‌ಪೇಪರ್. ಒಂದೊಂದಕ್ಕೂ ಇದು ಯಾಕೆ ತಪ್ಪು ಎಂಬ ಚೀಟಿ. ಜನ ಅದನ್ನು ಭಯಾನಕ ಕೋಣೆ ಎಂದು ಕರೆದು ಮುಗಿಬಿದ್ದು ನೋಡಿದರು. ಮಾಲು ತಯಾರಿಸಿದ ಕಂಪನಿಗಳವರು ಗಲಾಟೆ ಮಾಡಿದ್ದರಿಂದ ಕೋಣೆ ಮುಚ್ಚಬೇಕಾಯಿತು.

"ಕೊಕ್ಕರೆ ಕತ್ತರಿ ಚೆನ್ನಾಗೇ ಇದೆಯಲ್ಲ. ನಿಮ್ಮಜ್ಜಿ ಇದ್ದಿದ್ದರೆ ಎರಡು ತಗೊಳ್ಳುತ್ತಿದ್ದಳು."

"ಡಿಕನ್ಸ್‌ಗೂ ನಿಮ್ಮ ಹಾಗೇ ಅನ್ನಿಸಿತ್ತು ಅಪ್ಪ. ಕೋಲ್‌ನಂಥ ಅಧಿಕಾರಿಯೊಬ್ಬ ಶಾಲೆಗೆ ಬಂದು, ಜಮಖಾನೆಯ ಮೇಲೆ ಹೂವಿನ ಚಿತ್ರ ಬೇಕೆಂದ ಹುಡುಗಿಯನ್ನು ಗದರುವ ಪ್ರಸಂಗ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿದೆ. 1854ರದ್ದು."

ಹಾಗಾದರೆ ಒಳ್ಳೆಯ ಅಭಿರುಚಿಗೆ ಮಾದರಿ ಯಾವುದು ಅಂದರೆ, ಕೋಲ್ ಮತ್ತು ಅವನ ಗೆಳೆಯ ಓವನ್ ಜೋನ್ಸ್ ಬೆರಳು ತೋರಿಸಿದ್ದು ಪ್ರದರ್ಶನದ ಭಾರತೀಯ ವಿಭಾಗದ ಕಡೆಗೆ. ಜನಸಾಮಾನ್ಯರು ಅಲ್ಲಿ ಕೊಹಿನೂರ್ ವಜ್ರವನ್ನೂ ಅಂಬಾರಿ ಹೊತ್ತ ಹುಲ್ಲು ತುಂಬಿದ ಆನೆಯನ್ನೂ ನೋಡಿ ಹೋದರು. ಇವರು ನೋಡಿದ್ದು ಶಾಲು, ಕಸೂತಿ, ಜರಿಬಟ್ಟೆ. ಹೂವು ಎಲೆ ಬಟ್ಟೆಯ ಮೇಲೆ ಚಪ್ಪಟೆಯಾಗಿ, ಲಯಬದ್ಧವಾಗಿ ಕೂತಿದೆ, ಬಣ್ಣ ಬಣ್ಣಕ್ಕೆ ಹೊಂದಿದೆ ಎಂದು ಹೊಗಳಿದರು. ಮ್ಯೂಸಿಯಮ್ಮಿಗೆ ಮಾದರಿ ಕೊಳ್ಳಲು ಸರಕಾರ ಕೊಟ್ಟ 5,000 ಪೌಂಡಿನಲ್ಲಿ ಭಾರತದ ವಸ್ತುಗಳಿಗೂ ದೊಡ್ಡ ಪಾಲು ಸಂದಿತು. ಜೋನ್ಸ್ 1856ರಲ್ಲಿ ಹೊರತಂದ ‘ದಿ ಗ್ರಾಮರ್ ಆಫ್ ಆರ್ನಮೆಂಟ್’ ಪುಸ್ತಕದಲ್ಲಿ ಭಾರತೀಯ ನಕ್ಷೆಗಳಿಗೆ ಬಣ್ಣದ ಪುಟಗಳು ಸಿಕ್ಕವು.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮ್ಯಾಂಚೆಸ್ಟರಿನ ಮಿಲ್ ಬಟ್ಟೆ ತಂದು ಸುರಿದು ಆ ನೇಕಾರರ ಮಗ್ಗ ನಿಲ್ಲಿಸಿದವರೂ ಇವರೇ ತಾನೇ?" ಎಂದರು.

"ಇವರೇ. ನಕ್ಷೆಯನ್ನು ಹೊಗಳಿದ ಪುಸ್ತಕದಲ್ಲಿ ನೇಯ್ದವನ ಹೊಟ್ಟೆಪಾಡಿನ ಅಧ್ಯಾಯ ಇಲ್ಲ."

ಇಬ್ಬರೂ ಎದ್ದು ಪಕ್ಕದ ಕೋಣೆಗೆ ಹೋದರು. ಬೆಳಕು ಒಮ್ಮೆಲೇ ಇಳಿಯಿತು. ಗೋಡೆಯ ಕೆಳಭಾಗಕ್ಕೆ ಗಾಢ ಹಸಿರು ಬಳಿದ ಮರದ ಹಲಗೆ, ನಡುನಡುವೆ ಚಿನ್ನದ ಹಿನ್ನೆಲೆಯ ಮೇಲೆ ಹೆಣ್ಣುಗಳ ಚಿತ್ರ. ಅದರ ಮೇಲೆ ಗಾರೆಯಲ್ಲಿ ಉಬ್ಬಿಬಂದ ಆಲಿವ್ ಕೊಂಬೆಗಳು, ಅವೂ ಹಸಿರೇ. ಕಿಟಕಿಯ ಬಣ್ಣದ ಗಾಜಿನಲ್ಲಿ ಚಿತ್ರಕಾರ ಬರ್ನ್-ಜೋನ್ಸ್ ಬರೆದ ಆಕೃತಿಗಳು. 1866ರಲ್ಲಿ ಕೋಲ್ ಈ ಕೋಣೆಯನ್ನು ಆಗಿನ್ನೂ ಹೆಸರಾಗದ ಒಂದು ಕಂಪನಿಗೆ ವಹಿಸಿದ. ಅದರ ಮುಂದಾಳು ವಿಲಿಯಂ ಮಾರಿಸ್, 32 ವರ್ಷದವನು. ಪಿಂಗಾಣಿ ಕೋಣೆಯಲ್ಲಿ ಒರೆಸಿದರೆ ಹೋಗುವ, ಬೆಂಕಿಗೆ ಜಗ್ಗದ ಹೊಸ ಕಾಲದ ಹೊಳಪು. ಒಂದೇ ಗೋಡೆಯ ಆಚೆ ಈ ಕೋಣೆಯಲ್ಲಿ ಮರ, ಗಾರೆ, ಕುಂಚ. ರಾಣಿ ಒಬ್ಬಳೇ, ದಶಕ ಒಂದೇ.

"ಮಾರಿಸ್ ಹುಡುಗನಾಗಿದ್ದಾಗ ಮನೆಯವರ ಜೊತೆ ಕ್ರಿಸ್ಟಲ್ ಪ್ಯಾಲೇಸಿನ ಬಾಗಿಲ ತನಕ ಬಂದು, ಒಳಗೆ ಬರೋಲ್ಲ ಅಂತ ಹೊರಗೇ ಕೂತನಂತೆ," ಎಂದಳು ಮಗಳು. ಯಂತ್ರದ ಮಾಲು ಕಂಡರೆ ಅವನಿಗೆ ಅಷ್ಟು ಅಸಹ್ಯ. ಅವನು ಬೆಳೆಯುವ ಹೊತ್ತಿಗೆ ವಾಲ್‌ಪೇಪರ್ ಉದ್ದಿಮೆ ಬೆಳೆದ ರೀತಿಯೂ ಹಾಗಿತ್ತು: ಸುಂಕವಿದ್ದ 1834ರಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸುರುಳಿ, 1860ರಲ್ಲಿ 90 ಲಕ್ಷ. ಎಲ್ಲಕ್ಕಿಂತ ಹೆಚ್ಚು ಓಡಿದ ಬಣ್ಣ ಹಸಿರು. ಆ ಹಸಿರಿಗೆ ತಾಮ್ರದ ಜೊತೆ ಸೇರಿಸುತ್ತಿದ್ದದ್ದು ಪಾಷಾಣ, ಆರ್ಸೆನಿಕ್. 1862ರಲ್ಲಿ ಲಂಡನ್ನಿನ ಲೈಮ್‌ಹೌಸಿನಲ್ಲಿ ಒಂದೇ ಮನೆಯ ನಾಲ್ಕು ಮಕ್ಕಳು ಸತ್ತಾಗ ವೈದ್ಯರ ಅನುಮಾನ ಗೋಡೆಯ ಹಸಿರಿನ ಮೇಲೆ ಹೋಯಿತು.

ಮಾರಿಸ್ ತಾನೇ ವಾಲ್‌ಪೇಪರ್ ಬರೆಯತೊಡಗಿದ್ದು ಅದೇ 1862ರಲ್ಲಿ: ಅಡ್ಡಪಟ್ಟಿಯ ಬೇಲಿ, ಗುಲಾಬಿ, ಹಕ್ಕಿ. ಅವನ ಮೊದಮೊದಲ ಕಾಗದಗಳ ಹಸಿರಿನಲ್ಲೂ ಆರ್ಸೆನಿಕ್ ಇತ್ತೆಂದು ಈ ಶತಮಾನದ ಪರೀಕ್ಷೆಗಳಲ್ಲಿ ಗೊತ್ತಾಗಿದೆ. ಅವನ ಅಪ್ಪ ಬಿಟ್ಟುಹೋದ ಆಸ್ತಿಯ ಮುಖ್ಯ ಭಾಗವೆಂದರೆ ಡೆವನ್ ಕೌಂಟಿಯ ತಾಮ್ರದ ಗಣಿಯ ಷೇರು. ತಾಮ್ರ ಕಡಿಮೆಯಾಗುತ್ತ ಬಂದ ಹಾಗೆ ಆ ಗಣಿ ಪ್ರಪಂಚದಲ್ಲೇ ದೊಡ್ಡ ಆರ್ಸೆನಿಕ್ ಉತ್ಪಾದಕವಾಯಿತು. ಮಾರಿಸ್ ಕೆಲ ವರ್ಷ ಅದರ ನಿರ್ದೇಶಕ ಕೂಡ.

"ಡಿವಿಡೆಂಡು ಅಲ್ಲಿಂದ, ಉಪದೇಶ ಇಲ್ಲಿಂದ," ಎಂದರು ಅಪ್ಪ. ಇಲಾಖೆಯಲ್ಲಿದ್ದವರಿಗೆ ಷೇರುಪಟ್ಟಿ ಕಂಡರೆ ಕಣ್ಣು ಚುರುಕಾಗುತ್ತದೆ.

"1870ರ ದಶಕದ ನಡುವೆ ನಿರ್ದೇಶಕಗಿರಿ ಬಿಟ್ಟ. ಬಿಟ್ಟ ದಿನ ಮೀಟಿಂಗಿಗೆ ಹಾಕುತ್ತಿದ್ದ ಟಾಪ್ ಹ್ಯಾಟಿನ ಮೇಲೆ ಕೂತು ಚಪ್ಪಟೆ ಮಾಡಿದನಂತೆ. ಅಲ್ಲಿಗೆ ನಿಲ್ಲಲಿಲ್ಲ ಅಪ್ಪ. ಸ್ಟಾಫರ್ಡ್‌ಶೈರಿನ ಲೀಕ್ ಊರಿಗೆ ಹೋಗಿ, ವಾರ್ಡಲ್ ಎಂಬ ಬಣ್ಣಗಾರನ ಹತ್ತಿರ ಗಿಡಬೇರಿನ ಬಣ್ಣ ಕಲಿತ. ನೀಲಿಯ ತೊಟ್ಟಿಗೆ ಅದ್ದಿ ಅದ್ದಿ ತೋಳೆಲ್ಲ ನೀಲಿ."

ಆ ಕಲಿಕೆಯ ಫಲ 1883ರ ‘ಸ್ಟ್ರಾಬೆರಿ ಥೀಫ್’. ಹಳ್ಳಿಮನೆಯ ತೋಟದಲ್ಲಿ ಹಣ್ಣು ಕದಿಯುತ್ತಿದ್ದ ಹಕ್ಕಿಗಳನ್ನು ಕಂಡು ಬರೆದದ್ದು. ಅಚ್ಚು ಹಾಕುವ ಕ್ರಮ ಮಾಮೂಲಿನದ್ದಲ್ಲ. ಮೊದಲು ಬಿಳಿ ಹತ್ತಿ ಬಟ್ಟೆಯನ್ನು ಪೂರ್ತಿ ನೀಲಿಯಲ್ಲಿ ಅದ್ದುವುದು. ಆಮೇಲೆ ಮರದ ಅಚ್ಚಿನಿಂದ ಬಿಳಿಚಿಸುವ ದ್ರವ ಒತ್ತಿ, ಹಕ್ಕಿ, ಹೂವು ಇರಬೇಕಾದ ಕಡೆ ನೀಲಿಯನ್ನು ತೆಗೆದುಬಿಡುವುದು. ಕೆಲವು ಕಡೆ ಪೂರ್ತಿ, ಕೆಲವು ಕಡೆ ತಿಳಿನೀಲಿ ಉಳಿಯುವಷ್ಟು. ಬಿಳಿಯಾದ ಜಾಗಕ್ಕೆ ಮಂಜಿಷ್ಠ ಜಾತಿಯ ಬೇರಿನ ಕೆಂಪು, ಅದು ಒಣಗಿ ತೊಳೆದ ಮೇಲೆ ಹಳದಿ. ಹಳದಿ ನೀಲಿಯ ಮೇಲೆ ಬಿದ್ದ ಕಡೆ ಎಲೆಗೆ ಹಸಿರು, ಪಾಷಾಣವಿಲ್ಲದ ಹಸಿರು. ಒಂದು ಥಾನು ಮುಗಿಯಲು ದಿನಗಟ್ಟಲೆ. ಬೆಲೆಯೂ ಹಾಗೇ. ಮಾರಿಸ್ ಸಮಾಜವಾದಿಯಾಗಿ ಬೀದಿಯಲ್ಲಿ ಭಾಷಣ ಮಾಡತೊಡಗಿದ್ದು ಅದೇ 1883ರಲ್ಲಿ. ಅವನ ಪರದೆ ತೂಗುಹಾಕಿಸಿಕೊಂಡವರು ಶ್ರೀಮಂತರು.

"ಪಾಪ," ಎಂದರು ಅಪ್ಪ. ಅದು ಯಾರಿಗೆ ಅಂದದ್ದೋ ಮಗಳು ಕೇಳಲಿಲ್ಲ.

ಮೂರನೆಯ ಕೋಣೆ ಗ್ರಿಲ್ ರೂಮು. ನೀಲಿ ಬಿಳಿ ಬಿಲ್ಲೆಗಳ ಗೋಡೆ, ಒಂದು ಬದಿಗೆ ಮಾಂಸ ಸುಡುವ ಭಾರಿ ಕಬ್ಬಿಣದ ಒಲೆ. ಋತು, ತಿಂಗಳುಗಳ ಚಿತ್ರ ಬರೆದುಕೊಟ್ಟವನು ಎಡ್ವರ್ಡ್ ಪಾಯಿಂಟರ್. ಬಿಲ್ಲೆಯ ಮೇಲೆ ಅವನ್ನು ತೀಡಿದವರು ಸರಕಾರಿ ಕಲಾಶಾಲೆಯ ಹೆಣ್ಣುಮಕ್ಕಳು. ಅಷ್ಟು ದೊಡ್ಡ ಸಾರ್ವಜನಿಕ ಕೆಲಸವನ್ನು ವಿದ್ಯಾರ್ಥಿನಿಯರಿಗೆ ಕೊಡುವುದು ಆಗ ತೀರಾ ಹೊಸದು. ಇಂಥ ಜೂಜು ಕೋಲ್‌ನಿಗೆ ಅಭ್ಯಾಸ. ಕಲ್ಕತ್ತೆಯಲ್ಲಿ ಹುಟ್ಟಿದ, 48ನೇ ವಯಸ್ಸಿಗೆ ಮೊದಲ ಸಲ ಕ್ಯಾಮೆರಾ ಹಿಡಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್‌ಗೆ 1868ರಲ್ಲಿ ಇದೇ ಮ್ಯೂಸಿಯಮ್ಮಿನ ಎರಡು ಕೋಣೆಗಳನ್ನು ಸ್ಟುಡಿಯೋ ಮಾಡಿಕೊಳ್ಳಲು ಬಿಟ್ಟುಕೊಟ್ಟಿದ್ದ.

ಅಪ್ಪನಿಗೆ ಒಲೆ ಹಿಡಿಸಿತು. "ಇದೊಂದು ಮಾತ್ರ ಯಾವ ವೇಷವೂ ಇಲ್ಲದೆ ನೆಟ್ಟಗಿದೆ."

"ಅದಕ್ಕೂ ಅಲಂಕಾರ ಮಾಡಿದ್ದಾರೆ, ಸರಿಯಾಗಿ ನೋಡಿ."

ವೇಷದ ಮಾತು ಬಂದಮೇಲೆ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ ಬಿಡಲಾಗದು. ಅಪ್ಪ ಹಿಂದಿನ ದಿನವಷ್ಟೇ ಅಲ್ಲಿ ಇಳಿದಿದ್ದರು. ಹಿಂದೆ 1868ರಲ್ಲಿ ಎಂಜಿನಿಯರ್ ಬಾರ್ಲೊ ಕಟ್ಟಿದ ಕಬ್ಬಿಣ, ಗಾಜಿನ ಕಮಾನು, ಸುಮಾರು 240 ಅಡಿ ಅಗಲಕ್ಕೆ ನಡುವೆ ಒಂದೂ ಕಂಬವಿಲ್ಲ. ಮುಂದೆ 1873ರಲ್ಲಿ ತೆರೆದ, ಜಾರ್ಜ್ ಗಿಲ್ಬರ್ಟ್ ಸ್ಕಾಟ್‌ನ ಕೆಂಪು ಇಟ್ಟಿಗೆಯ ಗಾಥಿಕ್ ಹೋಟೆಲು. ಹಳಿಗಳ ಕೆಳಗಿನ ನೆಲಮಾಳಿಗೆಯ ಕಂಬಗಳ ಅಂತರವನ್ನು ನಿಗದಿ ಮಾಡಿದ್ದು ಬರ್ಟನ್ ಊರಿನಿಂದ ಬರುತ್ತಿದ್ದ ಬಿಯರ್ ಪೀಪಾಯಿಯ ಅಳತೆ. ಇದನ್ನು ಕೇಳಿ ಅಪ್ಪ, ಅಬಕಾರಿಯವರಿಗೂ ಇತಿಹಾಸದಲ್ಲಿ ಜಾಗ ಸಿಕ್ಕಿತು ಎಂದು ನಕ್ಕರು.

"ಅದೇ ಸ್ಕಾಟ್ ವಿದೇಶಾಂಗ ಕಚೇರಿಗೂ ಗಾಥಿಕ್ ನಕಾಶೆ ಕೊಟ್ಟಿದ್ದ. ಪ್ರಧಾನಿ ಪಾಮರ್‌ಸ್ಟನ್ ಒಪ್ಪಲಿಲ್ಲ, ಇಟಲಿ ಮಾದರಿಯೇ ಬೇಕು ಅಂದ. ಕೆಲಸ ಬಿಡೋದೋ ಶೈಲಿ ಬಿಡೋದೋ? ಸ್ಕಾಟ್ ಇಟಲಿಯ ಪುಸ್ತಕ ಕೊಂಡು ಓದಿ, ಇಟಲಿ ಮಾದರಿಯಲ್ಲೇ ಕಟ್ಟಿಕೊಟ್ಟ."

"ಮಂತ್ರಿ ಹೇಳಿದ ಮೇಲೆ ಆಯಿತು. ಎಂಜಿನಿಯರುಗಳು ಎಲ್ಲಿದ್ದರೂ ಒಂದೇ."

ಆಳ್ವಿಕೆಯ ಎರಡನೇ ಅರ್ಧದಲ್ಲಿ ಗಾಥಿಕ್‌ಗೂ ದಣಿವು ಬಂತು. ಜಪಾನಿನ ಬೀಸಣಿಗೆ, ನೀಲಿ ಬಿಳಿ ಪಿಂಗಾಣಿ, ನವಿಲುಗರಿ ಬಂದವು. 1875ರಲ್ಲಿ ರೀಜೆಂಟ್ ಸ್ಟ್ರೀಟಿನಲ್ಲಿ ಲಿಬರ್ಟಿ ಅಂಗಡಿ ತೆರೆಯಿತು. ವಿಸ್ಲರ್ ಬರೆದ ರಾತ್ರಿಯ ಬಾಣಬಿರುಸಿನ ಚಿತ್ರವನ್ನು ರಸ್ಕಿನ್ ಹೀಯಾಳಿಸಿ, ವಿಸ್ಲರ್ ಮಾನಹಾನಿ ದಾವೆ ಹೂಡಿ, 1878ರಲ್ಲಿ ಗೆದ್ದ. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಮರುವರ್ಷ ದಿವಾಳಿ. ಕೆಲಸಗಾರನ ಬೆವರಿಗೂ ಚಿತ್ರದ ಬೆಲೆಗೂ ಸಂಬಂಧ ಇರಬೇಕೆಂದವನು ಒಬ್ಬ, ಬೇಕಿಲ್ಲ ಎಂದವನು ಇನ್ನೊಬ್ಬ. ಇಬ್ಬರಿಗೂ ಇವತ್ತು ವಿಕ್ಟೋರಿಯನ್ ಎಂಬ ಒಂದೇ ಚೀಟಿ.

"ಈ ಮ್ಯೂಸಿಯಮ್ಮಿಗಾದರೂ ಆಕೆ ಏನಾದರೂ ಕೊಟ್ಟಳೇ?"

"1899ರಲ್ಲಿ ಹೊಸ ಭಾಗಕ್ಕೆ ಅಡಿಗಲ್ಲು ಹಾಕಿ, ತನ್ನ ಹೆಸರನ್ನೂ ಗಂಡನ ಹೆಸರನ್ನೂ ಕೊಟ್ಟಳು. ಅಲ್ಲಿ ತನಕ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮ್ ಅಂತಲೇ ಇದ್ದದ್ದು. ಜನ ಸೇರಿದ ಅಂಥ ದೊಡ್ಡ ಸಮಾರಂಭಕ್ಕೆ ಆಕೆ ಬಂದದ್ದು ಅದೇ ಕೊನೆ."

ಟಿಪ್ಪುವಿನ ಹುಲಿ ಇರುವ ಕಡೆಗೆ ಹೋಗುತ್ತ ಮಗಳು ಲಾಲ್‌ಬಾಗಿನ ಗಾಜಿನ ಮನೆಯ ಮಾತೆತ್ತಿದಳು. 1889ರ ನವೆಂಬರ್ 30ರಂದು ಅದಕ್ಕೆ ಅಡಿಗಲ್ಲು ಹಾಕಿದವನು ವಿಕ್ಟೋರಿಯಾಳ ಮೊಮ್ಮಗ ಆಲ್ಬರ್ಟ್ ವಿಕ್ಟರ್. ತೋಟದ ಮೇಲ್ವಿಚಾರಕ ಜಾನ್ ಕ್ಯಾಮರಾನ್. ಎರಕದ ಕಬ್ಬಿಣ ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಕಂಪನಿಯದು; ಮುಂದೆ ಮೈಸೂರು ಅರಮನೆಯ ಎರಕದ ಕಂಬಗಳೂ ಅಲ್ಲಿಂದಲೇ ಬಂದವು. ಕ್ಯಾಟಲಾಗ್ ನೋಡಿ ನಂಬರು ಬರೆದು ಕಳಿಸಿದರೆ ಕಂಬ, ಕಮಾನು, ಬ್ರಾಕೆಟ್ಟು ಹಡಗು ಹತ್ತಿ ಬರುವ ಕಾಲ ಅದು.

ಅಪ್ಪ ನಡೆಯುವುದನ್ನು ನಿಲ್ಲಿಸಿದರು. "1889 ಅಂದೆಯಾ? ಹಾಗಿದ್ದರೆ ಸುಂಕವೇ ಇಲ್ಲ. 1882ರಲ್ಲಿ ಬ್ರಿಟಿಷ್ ಇಂಡಿಯಾದ ಆಮದು ಸುಂಕವನ್ನೆಲ್ಲ ತೆಗೆದುಹಾಕಿದ್ದರು. ಉಪ್ಪು, ಮದ್ಯ, ಮದ್ದುಗುಂಡು ಅಂತ ಒಂದೆರಡು ಬಿಟ್ಟು."

"ನಿಮಗೆ ಇದೆಲ್ಲ ಹೇಗೆ ಗೊತ್ತು?"

"ಡಿಪಾರ್ಟ್‌ಮೆಂಟ್ ಪರೀಕ್ಷೆಗೆ ಓದಿದ್ದು. 1894ರಲ್ಲಿ ಖಜಾನೆ ಖಾಲಿಯಾಗಿ ಮತ್ತೆ ಹಾಕಿದರು. ಬೇರೆ ಮಾಲಿಗೆಲ್ಲ ನೂರಕ್ಕೆ ಐದು, ಕಬ್ಬಿಣ ಉಕ್ಕಿಗೆ ನೂರಕ್ಕೆ ಒಂದು. ಆ ಕಬ್ಬಿಣ ಕಳಿಸುತ್ತಿದ್ದವರು ಯಾರು, ನೀನೇ ಹೇಳು."

"ಗ್ಲಾಸ್ಗೋದವರು."

"ಅವರಿಗೆ ಇಲ್ಲಿ ಗಾಜಿನ ಸುಂಕ ಹೋಯಿತು, ಅಲ್ಲಿ ಕಬ್ಬಿಣದ್ದು ಹೋಯಿತು. ಅರಮನೆ ಕಟ್ಟಿದ್ದು 1897ರಿಂದ 1912. ಹಾಗಾದರೆ ಆ ಕಂಬಗಳನ್ನು ಐದರ ಬಾಬಿಗೆ ಹಾಕಿದರೋ ಒಂದರ ಬಾಬಿಗೋ? ಎರಕ ಹೊಯ್ದು ಹೂಬಳ್ಳಿ ಕೆತ್ತಿದ ಮೇಲೆ ಅದನ್ನು ಬರೀ ಕಬ್ಬಿಣ ಅಂತ ನಾನಂತೂ ಬಿಡುತ್ತಿರಲಿಲ್ಲ."

"ಅಪ್ಪ, ಹುಲಿ ನೋಡೋಣ ಬನ್ನಿ, ಮ್ಯೂಸಿಯಮ್ ಮುಚ್ಚೋ ಹೊತ್ತಾಯಿತು."

"ಬಂದೆ. ಮೈಸೂರಿಗೆ ಹೋದಮೇಲೆ ಪತ್ರಾಗಾರದಲ್ಲಿ ಆ ಇನ್‌ವಾಯ್ಸ್ ಒಂದು ಹುಡುಕಬೇಕು," ಎನ್ನುತ್ತ ಅಪ್ಪ ಜೇಬಿನಿಂದ ಟೀ ಬಿಲ್ಲು ತೆಗೆದು, ಅದರ ಹಿಂಬದಿಗೆ ಗ್ಲಾಸ್ಗೋ ಕಂಪನಿಯ ಹೆಸರು ಬರೆದುಕೊಂಡರು.